ಸೇತುವೆಯ ಕಲ್ಲಿನ ಮೂರನೆಯ ಸಾಲು

ಕರಿಕೊಪ್ಪ
ಅಂಚೆ: ಶಲವಡಿ, ಜಿಲ್ಲಾ ಧಾರವಾಡ
11 ಡಿಸೆಂಬರ್ 1986

ಚಿ. ಸೌ. ಶಾರದವ್ವಗೆ,

ನಿನ್ನ ಅವ್ವ ಮಾಡುವ ಆಶೀರ್ವಾದ. ಇತ್ತ ಎಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಈ ಸಲ ಬರೆಯುವುದಿಲ್ಲ. ನನಗೆ ಸಿಟ್ಟು ಬಂದಿದೆ, ಹನ್ನೊಂದು ದಿನದಿಂದ ಇಳಿದಿಲ್ಲ. ಅಕ್ಷರ ಸೊಟ್ಟಗಿದ್ದರೆ ಬಲಗೈ ಬಾತಿದೆ ಎಂದು ತಿಳಿ. ಕೈ ಯಾಕೆ ಬಾತಿದೆ ಎಂಬುದು ನಿನಗಾಗಲೇ ಗೊತ್ತು.

ನಿನ್ನ ಪತ್ರ ನಿನ್ನೆ ಮುಟ್ಟಿತು. ಎರಡು ಪುಟ. ಎರಡರ ತುಂಬ ನಿನ್ನ ಮಾಮಾನ ಮಾನದ ಚಿಂತೆ. ನಿಮ್ಮಪ್ಪನ ಮೊದಲನೆಯ ಪುಣ್ಯತಿಥಿಯ ಸಮಾರಂಭವನ್ನು ನಾನು ಕೆಡಿಸಿದೆನಂತೆ, ಹೊರಗಿನಿಂದ ಬಂದ ದೊಡ್ಡವರ ಮುಂದೆ ಮನೆತನದ ಮಾನ ಹರಾಜು ಹಾಕಿದೆನಂತೆ, ಎರಡು ದಿನ ಬಿಟ್ಟು ಉಳಿ ಸುತ್ತಿಗೆ ತಗೊಂಡು ಹೋಗಿ ಗಂಡನ ಹೆಸರಿನ ಕಲ್ಲನ್ನೇ ಒಡೆದೆನಂತೆ. “ಅವ್ವಾ, ನಿನಗ ತಲಿಗಿಲಿ ಕೆಟ್ಟೈತೇನು?” ಎಂದು ಕೇಳಿದ್ದೀಯ. ಮಾಮಾನಿಗೆ ಒಂದು ಕ್ಷಮಾಪಣೆಯ ಚೀಟಿ ಬರೆದುಕೊಡಬೇಕು, ಬರುವ ತಿಂಗಳ ಜಿಲ್ಲಾ ಪರಿಷತ್ ಚುನಾವಣೆ ಮುಗಿಯುವ ತನಕವಾದರೂ ಬಾಯಿ ಮುಚ್ಚಿಕೊಂಡಿರಬೇಕು ಎಂದೂ ಬರೆದಿದ್ದೀಯ.

ಕೂಸಿಗೆ ಜ್ವರವೆಂದು ನೀನು ಅಳ್ನಾವರ ಬಿಟ್ಟು ಬರಲಾಗಲಿಲ್ಲ. ಅದು ನಿನ್ನ ತಪ್ಪಲ್ಲ. ಆದರೆ ಬಂದಿರದವಳು ಬಂದವರನ್ನು ಒಂದು ಮಾತು ಕೇಳಬೇಕಿತ್ತು. ನೀನು ಕೇಳಿದ್ದು ಮಾಮಾನ ಪತ್ರವೊಂದನ್ನೇ. ಈಗ ನನ್ನದನ್ನು ಓದು.

ನಿಮ್ಮಪ್ಪ ಹೋದಾಗ ಮಣ್ಣಿಗೆ ಬಂದವರು ಎಷ್ಟು ಜನ ಎಂದು ನಿನಗೆ ನೆನಪಿದೆ. ನಾಲ್ಕು ವರ್ಷ ಪಾರ್ಲಿಮೆಂಟಿನಲ್ಲಿ ಕೂತು ಬಂದ ಮನುಷ್ಯನಿಗೆ ಒಂದು ಹಾರ ಹಾಕಲಿಕ್ಕೆ ಅಣ್ಣಿಗೇರಿಯಿಂದ ಒಬ್ಬನೂ ಬರಲಿಲ್ಲ. ನಿನ್ನ ಮಾಮಾ, ನಮ್ಮಣ್ಣ ಮಡಿವಾಳೆಪ್ಪ ಬಂದ, ಹೊರಗೆ ಕಟ್ಟೆಯ ಮೇಲೆ ಅರ್ಧ ತಾಸು ಕೂತ, ಎದ್ದು ಹೋದ. ಅದೇ ಅಣ್ಣ ಈ ವರ್ಷ ದೀಪಾವಳಿಯ ಪಾಡ್ಯದ ದಿನ ಪೇಟ ಸುತ್ತಿಕೊಂಡು ನಮ್ಮ ಪಡಸಾಲೆಗೆ ಬಂದ. ಸ್ಮಾರಕ ಸಮಿತಿ ಆಗಿದೆ ಎಂದ. ಅಧ್ಯಕ್ಷ ತಾನೇ. “ಅಂಥಾ ಜನಸೇವಕರನ್ನ ಊರು ಮರೀಬಾರ್ದು ತಂಗಿ. ಹಳ್ಳದ ಪೂಲಿಗೆ ಅವರ ಹೆಸರಿಡೂಣು, ಒಂದು ಕಲ್ಲು ನಿಲ್ಲಸೂಣು. ಪರದಿ ನೀನ ಎಳೀಬೇಕು,” ಎಂದ.

ನಾನು ಹಿಗ್ಗಿದೆ ಶಾರದವ್ವ. ಸುಳ್ಳು ಯಾಕೆ ಹೇಳಲಿ. ಆ ಸೇತುವೆಗಾಗಿ ನಿಮ್ಮಪ್ಪ ಸವೆಸಿದ ಚಪ್ಪಲಿ ನನಗೆ ಗೊತ್ತು. ದಿಲ್ಲಿಯಿಂದ ಬಂದವರು ಊರಿಗೆ ಬರದೆ ಸೀದಾ ಬೆಂಗಳೂರಿಗೆ ಹೋಗಿ, ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂತು, ಸಾಹೇಬ ಸಿಗದೆ, ಮರುದಿನ ಮತ್ತೆ ಕೂತದ್ದು ಗೊತ್ತು. ಒಬ್ಬ ಎಂಪಿ ಗುಮಾಸ್ತನ ಮುಂದೆ ಯಾಕೆ ಕೂಡಬೇಕು ಎಂದು ಯಾರೋ ನಕ್ಕರೆ, “ನಮ್ಮ ಹಳ್ಳದಾಗ ಸತ್ತವರಿಗೆ ಕೂಡಾಕ ಬೆಂಚೂ ಸಿಗಲಿಲ್ಲ,” ಎಂದಿದ್ದರಂತೆ. ಅಂಥವರ ಹೆಸರು ಕಲ್ಲಿನ ಮೇಲೆ ಬರುತ್ತದೆಂದರೆ ಯಾವ ಹೆಂಡತಿಗೆ ಬೇಡ? ಅಣ್ಣನ ಕಪ್ಪು ಕೋಟಿನ ಕಿಸೆಯಲ್ಲಿ ಚುನಾವಣೆಯ ಅರ್ಜಿ ಇದೆ ಎಂದು ನನಗೆ ಹೊಳೆಯಲಿಲ್ಲ.

ನವೆಂಬರ್ ಮೂವತ್ತು, ರವಿವಾರ. ಸೇತುವೆಯ ಬಾಜೂಕೆ ಪೆಂಡಾಲು ಹಾಕಿದ್ದರು. ವೇದಿಕೆಯ ಮೇಲೆ ಹದಿಮೂರು ಕುರ್ಚಿ. ಹುಬ್ಬಳ್ಳಿಯಿಂದ ಒಬ್ಬ ಮುಖಂಡರು ಬಂದಿದ್ದರು, ಅವರಿಗೆ ನಿಮ್ಮಪ್ಪನ ಮುಖದ ಪರಿಚಯವೂ ಇರಲಿಲ್ಲ. “ಹೊಳಬಸಪ್ಪನವರು ಈ ನಾಡಿಗೆ ನೀರಾವರಿ ತಂದರು, ಕಾಲೇಜು ತಂದರು,” ಎಂದು ಕೈ ಎತ್ತಿ ಎತ್ತಿ ಭಾಷಣ ಮಾಡಿದರು. ಯಾವ ಕಾಲೇಜು? ನಿಮ್ಮಪ್ಪ ತಂದದ್ದು ಒಂದು ಸೇತುವೆ, ಎರಡು ಸಾಲಿಯ ಕೋಣೆ, ಇನ್ನು ಲೆಕ್ಕವಿಲ್ಲದಷ್ಟು ಪೋಸ್ಟ್ ಕಾರ್ಡಿನ ಉತ್ತರ. ಅರ್ಜಿ ಬರೆದ ಪ್ರತಿಯೊಬ್ಬ ಹಳ್ಳಿಗನಿಗೆ ಸ್ವಂತ ಕೈಯಿಂದ ಉತ್ತರ ಬರೆಯುತ್ತಿದ್ದರು. ಅದನ್ನು ಒಬ್ಬನಾದರೂ ಹೇಳಲಿಲ್ಲ.

ಅದನ್ನೆಲ್ಲ ನುಂಗಿಕೊಂಡು ಕೂತಿದ್ದೆ. ಅಷ್ಟರಲ್ಲಿ ಕರಪತ್ರ ಹಂಚುತ್ತ ಬಂದವರು ನನ್ನ ಕೈಗೂ ಒಂದು ಕೊಟ್ಟರು. ಕಲ್ಲಿನ ಮೇಲೆ ಕೆತ್ತಿದ ಬರಹವನ್ನೇ ಅದರಲ್ಲಿ ಅಚ್ಚು ಹಾಕಿಸಿದ್ದರು. ಮೊದಲ ಸಾಲು ಅವರ ಹೆಸರು. ಎರಡನೆಯದು, ಅವರ ಶ್ರಮದಿಂದ 1970ರಲ್ಲಿ ಈ ಸೇತುವೆ ಆಯಿತೆಂದು. ಮೂರನೆಯ ಸಾಲು ಹೀಗಿತ್ತು: “1968ರಲ್ಲಿ ಬಂಡಿ ಹೊಡೆಯುವವನ ಕುಡಿತದಿಂದ ಮೂವರು ಮಹಿಳೆಯರು ಮೃತರಾದ ತರುವಾಯ, ಶ್ರೀ ಮಡಿವಾಳೆಪ್ಪನವರ ಪ್ರೇರಣೆಯಿಂದ.”

ನೀನು ಈ ಸಾಲಿನಲ್ಲಿ ತಪ್ಪೇನು ಎಂದು ಕೇಳುತ್ತೀಯ. ನೀನು ಸಣ್ಣವಳಿದ್ದಾಗಿನಿಂದ ತವರಿನಲ್ಲಿ ಕೇಳಿದ್ದು ಅದನ್ನೇ: ಹುಚ್ಚಪ್ಪ ಕುಡಿದಿದ್ದ, ಬಂಡಿಯನ್ನು ಪ್ರವಾಹಕ್ಕೆ ಹೊಡೆದ. ನಿಮ್ಮಪ್ಪನಿಗೂ ಮಾಮಾನಿಗೂ ಮನಸ್ಸು ಮುರಿದದ್ದು ಹೊಲದ ಬದುವಿನ ಜಗಳಕ್ಕೆ ಎಂದು ನಿನಗೆ ಹೇಳಿದವಳು ನಾನೇ. ಎರಡೂ ಸುಳ್ಳು.

ಆ ವರ್ಷ ಪಂಚಮಿಗೆ ನಿನ್ನನ್ನು ಕರೆದುಕೊಂಡು ತವರಿಗೆ ಹೋದವಳು ಹಬ್ಬ ಮುಗಿದರೂ ಉಳಿದಿದ್ದೆ. ನಿನಗೆ ಏಳು ವರ್ಷ. ಜೋಕಾಲಿ ಬಿಟ್ಟು ಇಳಿಯುತ್ತಿರಲಿಲ್ಲ. ಹೆಸರುಕಾಳಿನ ಕಾಯಿ ಬಿಡಿಸುವ ಕಾಲ. ಮಳೆ ಹಿಡಿದಿತ್ತು. ಹೆಸರಿನ ಕಾಯಿ ನೆನೆದರೆ ಎರಡು ದಿನದಲ್ಲಿ ಮೊಳಕೆ ಒಡೆಯುತ್ತದೆ, ಪೀಕು ಹೋಯಿತೆಂದೇ ಲೆಕ್ಕ. ಅಣ್ಣನ ಹೊಲ ಹಳ್ಳದ ಆಚೆ. ಕೇರಿಯ ನಾಲ್ವರು ಹೆಂಗಸರು ಬಿಡಿಸಲಿಕ್ಕೆ ಹೋಗಿದ್ದರು: ಫಕೀರವ್ವ, ಆಕೆಯ ತಂಗಿ ದುಂಡವ್ವ, ತಾಯವ್ವ, ಮರೆವ್ವ. ಕಾಯಿಯ ಚೀಲ ಹೇರಿದ ಬಂಡಿ ಹೊಡೆಯುವವ ಹುಚ್ಚಪ್ಪ. ನಾನು ಬುತ್ತಿ ಒಯ್ದಿದ್ದೆ. ನೀರು ಮೊಣಕಾಲಿನಷ್ಟಿದ್ದಾಗಲೇ ಅಣ್ಣನ ಜೊತೆ ದಾಟಿ ಈಚೆ ದಂಡೆಗೆ ಬಂದು ನಿಂತಿದ್ದೆ. ಹೌದು, ನಾನು ಅಲ್ಲಿದ್ದೆ. ಕಣ್ಣಿಂದ ನೋಡಿದೆ, ಕಿವಿಯಿಂದ ಕೇಳಿದೆ.

ಮೇಲೆಲ್ಲೋ ಮಳೆಯಾಗಿ ಹಳ್ಳ ಕೆಂಪಗೆ ಏರತೊಡಗಿತು. ಹುಚ್ಚಪ್ಪ ಆಚೆ ದಂಡೆಯಿಂದ ಕೂಗಿದ: “ಧಣ್ಯಾರ, ನೀರು ಏರಾಕತ್ತೈತ್ರಿ. ಇಳದ ಮ್ಯಾಲೆ ಬರ್ತೀನ್ರಿ.” ಅಣ್ಣ ಈಚೆಯಿಂದ ಕೂಗಿದ: “ಚೀಲ ತೊಯ್ದು ಮೊಳಕಿ ಬಂದ್ರ ನಿಮ್ಮಪ್ಪ ಕೊಡ್ತಾನೇನಲೇ? ಹೊಡಿ ಬಂಡಿ! ಆ ಹೆಂಗಸರನ್ನ ಚೀಲದ ಮ್ಯಾಲೆ ಕುಂದರಸು, ಭಾರಕ್ಕ ಚೀಲ ಕದಲಂಗಿಲ್ಲ.”

ಇನ್ನೊಮ್ಮೆ ಓದು ಶಾರದವ್ವ. ಚೀಲ ತೇಲಬಾರದೆಂದು ಹೆಂಗಸರನ್ನು ಭಾರಕ್ಕೆ ಇಟ್ಟ.

ನಡು ಹಳ್ಳದಲ್ಲಿ ಎಡಗಾಲಿ ಕುಸಿಯಿತು. ಎತ್ತು ಮುಗ್ಗರಿಸಿದವು. ಬಂಡಿ ಮಗುಚಿದ್ದು ಕಾಣಿಸಿತು, ಆಮೇಲೆ ಬರೀ ಕೆಂಪು ನೀರು. ಹುಚ್ಚಪ್ಪ ಒಂದು ಜಾಲಿಗಿಡ ಹಿಡಿದು ಉಳಿದ. ಅವನ ಕೈಗೆ ಸಿಕ್ಕ ಫಕೀರವ್ವನ ಸೆರಗು ಅವನು ಬಿಡಲಿಲ್ಲ, ಅದಕ್ಕೆ ಆಕೆ ಉಳಿದಳು. ಉಳಿದ ಮೂವರು ಮರುದಿನ ಸಿಕ್ಕರು. ದುಂಡವ್ವನಿಗೆ ಮದುವೆ ಗೊತ್ತಾಗಿತ್ತು.

ಪೊಲೀಸರು ಬಂದಾಗ ಅಣ್ಣ ಹೇಳಿದ್ದು, ಹುಚ್ಚಪ್ಪ ಕುಡಿದಿದ್ದ, ಬೇಡ ಬೇಡ ಎಂದರೂ ಬಂಡಿ ಹೊಡೆದ ಎಂದು. ಹುಚ್ಚಪ್ಪನನ್ನು ಹಗ್ಗ ಹಾಕಿ ಒಯ್ದರು.

ನಿಮ್ಮಪ್ಪ ದಿಲ್ಲಿಯಿಂದ ಬಂದಾಗ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು, “ಇದನ್ನ ಕೋರ್ಟಿನ್ಯಾಗ ಹೇಳ್ತೀಯೇನು?” ಎಂದು ಕೇಳಿದರು. ಒಡಹುಟ್ಟಿದವನನ್ನು ಜೈಲಿಗೆ ಕಳಿಸಿ ಯಾವ ಮುಖದಿಂದ ತವರಿಗೆ ಹೋಗಲಿ ಎಂದು ನಾನು ಕೂಗಾಡಿದೆ. ಅವರು ದನಿ ಎತ್ತಲಿಲ್ಲ. “ನಿನ್ನ ಬಾಯಿ ನಿನ್ನದು, ನಾ ಒತ್ತಾಯ ಮಾಡೂದಿಲ್ಲ. ನನ್ನ ಬಾಯಿ ಕಟ್ಟಬ್ಯಾಡ,” ಎಂದರು.

ಅವರು ಫಕೀರವ್ವನ ಕೇರಿಗೆ ಹೋದರು. ಊರಲ್ಲಿ ಆಕೆಗೆ ಕೂಲಿ ಬಂದ್ ಮಾಡಿಸಿದ್ದರು, ಬಾಯಿ ಬಿಟ್ಟರೆ ಗುಡಿಸಲು ಉಳಿಯುವುದಿಲ್ಲ ಎಂದು ಹೆದರಿಸಿದ್ದರು. ಕೇಸಿನ ಪ್ರತಿ ತಾರೀಖಿಗೂ ನಿಮ್ಮಪ್ಪ ಆಕೆಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದರು. ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಆಕೆಗೆ ಬೇರೆ ಇಟ್ಟಿದ್ದ ಒಡಕು ಬಸಿಯಲ್ಲಿ ಚಹಾ ಕೊಟ್ಟರಂತೆ. ನಿಮ್ಮಪ್ಪ ತಮಗೂ ಅಂಥದೇ ಬಸಿ ಕೇಳಿ, ಆಕೆಯ ಬಾಜೂಕೆ ಕಟ್ಟೆಯ ಮೇಲೆ ಕೂತು ಕುಡಿದರಂತೆ. ಈ ಸುದ್ದಿ ಊರಿಗೆ ಬಂದು ಮುಟ್ಟಿತು. ನಮ್ಮವರೇ ಮೂಗು ಮುರಿದರು. ನಾನೂ ಮುರಿದೆ. ನಿನ್ನನ್ನು ಕರೆದುಕೊಂಡು ತವರಿಗೆ ಹೋಗಿ ಕೂತೆ. ಅಜ್ಜಿಗೆ ಆರಾಮಿಲ್ಲ, ನೋಡಿಕೊಳ್ಳಬೇಕು ಎಂದು ನಿನಗೆ ಹೇಳಿದೆ. ಅಜ್ಜಿ ಗುಂಡುಕಲ್ಲಿನ ಹಾಗೆ ಇದ್ದಳು.

ಫಕೀರವ್ವನ ಒಂದು ಸಾಕ್ಷಿಯ ಮೇಲೆ ಹುಚ್ಚಪ್ಪ ಬಿಡುಗಡೆಯಾಗಿ ಬಂದ. ಅಷ್ಟರಲ್ಲಿ ಹನ್ನೊಂದು ತಿಂಗಳು ಒಳಗಿದ್ದ. ನಮ್ಮಣ್ಣನ ಕೂದಲೂ ಕೊಂಕಲಿಲ್ಲ. ಆದರೆ ಊರ ಯಾವ ಮನೆಯವರೂ ಹುಚ್ಚಪ್ಪನ ಕೈಗೆ ಮತ್ತೆ ಬಂಡಿಯ ಹಗ್ಗ ಕೊಡಲಿಲ್ಲ. ಹುಬ್ಬಳ್ಳಿಗೆ ಹೋಗಿ ಹಮಾಲಿ ಮಾಡಿ ಅಲ್ಲೇ ಸತ್ತ. ನಿಮ್ಮಪ್ಪ ಸೇತುವೆ ಕಟ್ಟಿಸಿದರು, ಅದರ ಮರುವರ್ಷ ಚುನಾವಣೆಯಲ್ಲಿ ಸೋತರು. ಸೋತ ವಾರಕ್ಕೆ ನಡೆದುಕೊಂಡು ತವರಿಗೆ ಬಂದು ಹೊಸ್ತಿಲ ಹೊರಗೇ ನಿಂತು, “ಈಗ ನಾ ಬರೀ ಒಕ್ಕಲತನದಾಂವ. ನಿಮ್ಮಣ್ಣಗ ನನ್ನಿಂದ ತ್ರಾಸಿಲ್ಲ. ನಡಿ, ಮನಿಗೆ ಹೋಗೂಣು,” ಎಂದರು. ನಾನು ಹೊರಟು ಬಂದೆ. ಆ ಹಳ್ಳದ ಮಾತು ಅಂದಿನಿಂದ ನಮ್ಮ ಮನೆಯಲ್ಲಿ ಬರಲಿಲ್ಲ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ನಾನು ಆ ವೇದಿಕೆಯ ಮೇಲೆ ಕೂತಿದ್ದೆ. ಕೈಯಲ್ಲಿ ಆ ಕರಪತ್ರ. ಯಾವ ಸುಳ್ಳಿನ ವಿರುದ್ಧ ಅವರು ಇದ್ದಬಿದ್ದದ್ದನ್ನೆಲ್ಲ ಕಳೆದುಕೊಂಡರೋ ಆ ಸುಳ್ಳನ್ನು ಅವರ ಹೆಸರಿನ ಕೆಳಗೇ ಕೆತ್ತಿಸಿದ್ದರು.

ಮೊದಲು ಮೆತ್ತಗೇ ಹೇಳಿದೆ, ಪಕ್ಕದಲ್ಲೇ ಕೂತಿದ್ದ ಅಣ್ಣನಿಗೆ: “ಮೂರನೇ ಸಾಲು ತೆಗಸು ಅಣ್ಣಾ.” ಅವನು ಜನರ ಕಡೆ ನಗುತ್ತಲೇ ಹಲ್ಲಿನ ಸಂದಿಯಿಂದ ಹೇಳಿದ: “ಕಲ್ಲು ಕೆತ್ತಿ ಮುಗದೈತಿ. ಸತ್ತಾಂವಾ ಸತ್ತ, ಆ ಹುಚ್ಚಪ್ಪಗೇನು ಮಾನ? ಸುಮ್ಮನ ಎದ್ದು ಪರದಿ ಎಳಿ.”

ಆಗ ಎದ್ದೆ. ಪರದೆಯ ಕಡೆ ಹೋಗಲಿಲ್ಲ, ಮೈಕಿನ ಕಡೆ ಹೋದೆ. ಭಾಷಣ ಮಾಡಿ ಗೊತ್ತಿದ್ದವಳಲ್ಲ. “ಈ ಕಲ್ಲಿನ ಮ್ಯಾಲೆ ಸುಳ್ಳು ಬರದಾರ. ಹುಚ್ಚಪ್ಪ ಕುಡಿದಿರಲಿಲ್ಲ. ಬಂಡಿ ಹೊಡಿ ಅಂದಾಂವಾ ಈ ನಮ್ಮಣ್ಣ. ಹೆಂಗಸರನ್ನ ಚೀಲದ ಮ್ಯಾಲೆ ಕುಂದರಸು ಅಂದಾಂವಾ ಇವನ. ನಾ ದಂಡಿ ಮ್ಯಾಲಿದ್ನಿ, ನನ್ನ ಕಿವಿಲೆ ಕೇಳೇನಿ. ನನ್ನ ಗಂಡನ ಹೆಸರಿನ ಮ್ಯಾಲೆ ಈ ಹೊಲಸು ಹಚ್ಚಬ್ಯಾಡ್ರಿ. ನಾ ಪರದಿ ಎಳಿಯೂದಿಲ್ಲ.”

ಮೈಕಿನವನು ತಂತಿ ಕಿತ್ತ. ಅಷ್ಟರಲ್ಲಿ ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಮುಖಂಡರು ಗಡಿಯಾರ ನೋಡಿಕೊಂಡು ಜೀಪು ಹತ್ತಿದರು. ಅಣ್ಣ ತಾನೇ ಪರದೆ ಎಳೆದ. ಹತ್ತಿಪ್ಪತ್ತು ಜನ ಚಪ್ಪಾಳೆ ಬಡಿದರು, ಉಳಿದವರು ನೆಲ ನೋಡುತ್ತಿದ್ದರು. ಮಾಮಾ ನಿನಗೆ ಬರೆದದ್ದರಲ್ಲಿ ಇದು ಇರಲಿಕ್ಕಿಲ್ಲ.

ನಾನು ದೊಡ್ಡ ಕೆಲಸ ಮಾಡಿದೆ ಎಂದುಕೊಂಡು ವೇದಿಕೆ ಇಳಿದೆ. ಪೆಂಡಾಲಿನ ಹಿಂದೆ, ಬಿಸಿಲಿನಲ್ಲಿ, ಕೇರಿಯವರು ನಿಂತಿದ್ದರು. ಫಕೀರವ್ವನೂ ಇದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಆಕೆ ನನ್ನ ಕೈ ಹಿಡಿಯುತ್ತಾಳೆ ಎಂದುಕೊಂಡೆ. ಹಿಡಿಯಲಿಲ್ಲ.

“ಹದಿನೆಂಟು ವರ್ಷ ಈ ಮಾತು ಎಲ್ಲಿಟ್ಟಿದ್ರಿ ಅವ್ವಾರ?” ಎಂದಳು. “ಕಟಕಟಿಯೊಳಗ ನಾ ಒಬ್ಬಾಕಿನ ನಿಂತಿದ್ನಿ. ವಕೀಲ ನನಗ ಸುಳ್ಳಬುರುಕಿ ಅಂದ. ಇನ್ನೊಬ್ಬರು ನೋಡಿದವರು ಇದ್ರೇನು ಅಂತ ಜಡ್ಜಸಾಹೇಬ್ರು ಮೂರು ಸಲ ಕೇಳಿದ್ರು. ನಾ ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮನಿಯವರ ಮಾರಿ ನೋಡಿ ಹೇಳಲಿಲ್ಲ. ಹುಚ್ಚಪ್ಪ ಕುಡುಕ ಅನಿಸ್ಕೊಂಡ ಸತ್ತ. ಈಗ ಹೇಳಿದ್ರ ಅಂವ ಕೇಳಾಕ ಬರ್ತಾನೇನ್ರಿ?”

ಆಕೆ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿ ನಡೆದು ಹೋದಳು. ದಂಡೆಯ ಮೇಲೆ ನಾನಿದ್ದದ್ದು ಆಕೆಗೆ ಆಗಲೇ ಗೊತ್ತಿತ್ತು, ಶಾರದವ್ವ. ಚೀಲದ ಮೇಲೆ ಕೂತವಳಿಗೆ ದಂಡೆಯ ಮೇಲೆ ನಿಂತವರು ಕಾಣದಿರುತ್ತಾರೆಯೇ? ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ.

ಅಣ್ಣನ ಮೇಲಿನ ಸಿಟ್ಟು ಅಂದಿನಿಂದ ಅರ್ಧಕ್ಕರ್ಧ ನನ್ನ ಮೇಲೇ ತಿರುಗಿದೆ. ಎರಡು ದಿನ ಕೂಳು ಸೇರಲಿಲ್ಲ. ಮಂಗಳವಾರ ಮುಂಜಾನೆ ಕಲ್ಲು ಕೆತ್ತಿದ ನಿಜಾಮಸಾಬನ ಕಡೆ ಹೋದೆ. ಮೂರನೆಯ ಸಾಲು ಅಳಿಸಿಕೊಡು ಎಂದೆ. ಅವನು ತಲೆ ಅಲ್ಲಾಡಿಸಿದ. “ನಾ ಅಳಿಸಿದ್ರ ನಾಳೆ ನನಗ ಈ ಸೀಮಿಯೊಳಗ ಕೆಲಸ ಯಾರು ಕೊಡ್ತಾರ್ರಿ?” ಎಂದ. ಆಮೇಲೆ ಆಚೆ ಮುಖ ತಿರುಗಿಸಿ, “ಉಳಿ ಅಲ್ಲೈತ್ರಿ. ಸುತ್ತಿಗಿನೂ ಅಲ್ಲೇ ಐತಿ. ನಾ ನೋಡಿಲ್ಲ,” ಎಂದ.

ಮಧ್ಯಾಹ್ನದಿಂದ ದನ ಮನೆಗೆ ಬರುವ ಹೊತ್ತಿನ ತನಕ ಬಡಿದೆ. ಕಲ್ಲು ನಾನು ತಿಳಿದದ್ದಕ್ಕಿಂತ ಗಟ್ಟಿ. ಮೆಣಸಿನಕಾಯಿ ಬಿಡಿಸಿ ಬರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ನಿಂತು ನೋಡಿದರು. ಯಾರೂ ಬೇಡ ಎನ್ನಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ. ಅಣ್ಣ ಫಟಫಟಿಯ ಮೇಲೆ ಬಂದ. “ತಂಗೀ, ಪೊಲೀಸರನ್ನ ಕರಸ್ತೀನಿ,” ಎಂದ. “ಕರಸು ಅಣ್ಣಾ,” ಎಂದೆ, “ಕೋರ್ಟಿಗೆ ಹೋಗೂಣು. ಆವಾಗ ಬರಲಿಲ್ಲ, ಈಗ ಬರ್ತೀನಿ. ಕೇಳಿದ್ದನ್ನೆಲ್ಲ ಬರಿಸಿಕೊಡ್ತೀನಿ.” ಅವನು ಹಣೆಯ ಬೆವರು ಒರೆಸಿಕೊಂಡ. “ತವರು ಮನಿ ಬಾಗಲಾ ನಿನಗ ಮುಚ್ಚಿತು,” ಎಂದು ಗಾಡಿ ತಿರುಗಿಸಿದ. ಇವತ್ತಿನ ತನಕ ಯಾವ ಪೊಲೀಸರೂ ಬಂದಿಲ್ಲ.

ನಾನು ಗಂಡನ ಹೆಸರಿನ ಕಲ್ಲು ಒಡೆದಿಲ್ಲ. ಆ ಹೆಸರಿಗೆ ಉಳಿಯ ತುದಿಯೂ ತಾಗಿಲ್ಲ, ಬಂದಾಗ ನೋಡು. ಮೂರನೆಯ ಸಾಲು ಮಾತ್ರ ಹೋಗಿದೆ. ಕೆಳಗೆ ಜಾಗ ಉಳಿದಿದೆ. ಅಲ್ಲಿ ದುಂಡವ್ವ, ತಾಯವ್ವ, ಮರೆವ್ವ ಎಂದು ಬರೆಸಬೇಕು, ಹುಚ್ಚಪ್ಪ ತಪ್ಪಿತಸ್ಥನಲ್ಲ ಎಂದು ಬರೆಸಬೇಕು ಎಂದು ಗ್ರಾಮ ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇನೆ. ಬರೆಸದಿದ್ದರೆ ಆ ಕಲ್ಲಿನ ಮುಂದೆ ಹೋಗಿ ಕೂಡುತ್ತೇನೆ, ಚುನಾವಣೆಗೆ ಬರುವ ಎಲ್ಲ ಜೀಪುಗಳೂ ಅದೇ ಸೇತುವೆಯ ಮೇಲೆ ಹಾಯಬೇಕಲ್ಲ. ಅರ್ಜಿಯ ಒಂದು ನಕಲನ್ನು ಫಕೀರವ್ವನಿಗೆ ಓದಿ ಹೇಳಿ ಬಂದೆ. ಆಕೆ ಕೂಡು ಎನ್ನಲಿಲ್ಲ. ನಿಂತೇ ಕೇಳಿದಳು, ಒಳಗೆ ಹೋದಳು.

ಕ್ಷಮಾಪಣೆಯ ಚೀಟಿ ನಿನ್ನ ಮಾಮಾನಿಗೆ ಬರೆಯುವುದಿಲ್ಲ. ನಾನು ಕ್ಷಮೆ ಕೇಳಬೇಕಾದವರಲ್ಲಿ ಹೆಚ್ಚಿನವರು ಮಣ್ಣಾಗಿದ್ದಾರೆ, ಉಳಿದಾಕೆ ಕೊಡಲಿಕ್ಕೆ ತಯಾರಿಲ್ಲ. ಅದು ಆಕೆಯ ಹಕ್ಕು. ನಿನ್ನ ಅತ್ತೆಯ ಮನೆಯಲ್ಲಿ ನಿನಗೆ ನಾಚಿಕೆಯಾಗಿದ್ದರೆ, ನಮ್ಮವ್ವ ಹಟಮಾರಿ ಎಂದು ಹೇಳು. ಹುಚ್ಚಿ ಎಂದು ಮಾತ್ರ ಹೇಳಬೇಡ. ಸಂಕ್ರಾಂತಿಗೆ ಬಂದರೆ ಎಳ್ಳುಹೋಳಿಗೆ ಮಾಡುತ್ತೇನೆ. ಬರದಿದ್ದರೆ ಕೂಸಿಗೆ ಹೊಲಿದ ಕುಂಚಿಗೆಯನ್ನು ಟಪಾಲಿನಲ್ಲಿ ಕಳಿಸುತ್ತೇನೆ. ಜ್ವರ ಬಿಟ್ಟದ್ದಕ್ಕೆ ಒಂದು ಸಾಲು ಬರೆ.

ಇಂತಿ,
ಸಿಟ್ಟಿನಲ್ಲಿದ್ದರೂ ನಿನ್ನವಳೇ ಆದ ಅವ್ವ,
ಶಿವಗಂಗವ್ವ

ತಾ. ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಎಲ್ಲ ಬರೆದೆ ಎಂದುಕೊಂಡಿದ್ದೆ, ಒಂದು ಉಳಿದಿದೆ. 1971ರ ಚುನಾವಣೆಯ ದಿನ ಅಣ್ಣನ ಬಂಡಿಯಲ್ಲಿ ಕೂತು ವೋಟು ಹಾಕಲಿಕ್ಕೆ ಹೋದೆ. ಆ ಚೀಟಿಯ ಮೇಲೆ ನಿಮ್ಮಪ್ಪನ ಗುರುತೂ ಇತ್ತು, ಎದುರಾಳಿಯದೂ ಇತ್ತು. ನಾನು ಎದುರಾಳಿಯ ಮೇಲೆ ಠಸ್ಸೆ ಒತ್ತಿದೆ. ಆಮೇಲೆ ಸಾಯುವ ತನಕ ಅವರು, ಯಾರಾದರೂ ಸೋಲಿನ ಮಾತು ತೆಗೆದರೆ, ನನ್ನ ಕಡೆ ನೋಡಿ ನಕ್ಕು, “ಇಡೀ ಸೀಮಿ ಕೈ ಬಿಟ್ರೂ ಒಂದು ವೋಟಂತೂ ನನಗ ಖಾತ್ರಿ ಬಿದ್ದಿತ್ತು,” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.